ಗ್ರಾವೆನ್‌ಸ್ಟೈನ್ ಸೇಬು: ಕಾಯಿಯಿಂದ ಕಳಿತ ಹಣ್ಣಿನವರೆಗೆ ಒಂದು ಅಡುಗೆಮನೆಯ ಮಾರ್ಗದರ್ಶಿ

ಕರ್ನಾಟಕದಲ್ಲಿ ಬೆಳೆದ ನಮ್ಮಲ್ಲಿ ಹೆಚ್ಚಿನವರಿಗೆ ಸೇಬು ಎಂದರೆ ಒಂದೇ ಹದದ ಹಣ್ಣು. ಹಿಮಾಚಲದಿಂದಲೋ ಕಾಶ್ಮೀರದಿಂದಲೋ ಲಾರಿಯಲ್ಲಿ ಬಂದು, ಶೈತ್ಯಾಗಾರದಲ್ಲಿ ತಿಂಗಳುಗಟ್ಟಲೆ ಉಳಿದು, ಕಾಯಿಲೆಯವರನ್ನು ನೋಡಲು ಹೋಗುವಾಗ ಕೊಂಡೊಯ್ಯುವ ಹಣ್ಣು ಅದು. ಮಾವಿಗಾದರೆ ಹೀಚು, ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು ಎಂದು ಒಂದೊಂದು ಅವಸ್ಥೆಗೂ ಒಂದೊಂದು ಹೆಸರಿದೆ, ಒಂದೊಂದು ಹೆಸರಿಗೂ ಒಂದೊಂದು ಅಡುಗೆಯಿದೆ. ಸೇಬನ್ನು ಹಾಗೆ ನೋಡುವ ಅಭ್ಯಾಸ ನಮಗಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಸೆಬಾಸ್ಟಪೋಲ್ ಸುತ್ತಮುತ್ತ ಜುಲೈ ಕೊನೆಗೆ ಬರುವ ಗ್ರಾವೆನ್‌ಸ್ಟೈನ್ ಎಂಬ ಮುಂಗಾಲದ ಸೇಬನ್ನು ಬಳಸಲು ಕಲಿತದ್ದು ನಾನು ಅದನ್ನು ಮಾವಿನಂತೆ ನೋಡಲು ತೊಡಗಿದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡಿಗರು ಈ ಹಣ್ಣನ್ನು ಕೊಂಡು, ಹದವರಿತು, ಒಂದೂ ಹಾಳಾಗದಂತೆ ಬಳಸಲು ಬೇಕಾದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಹಣ್ಣಿನ ಸ್ವಭಾವವನ್ನು ತಿಳಿಯುವುದು

ಗ್ರಾವೆನ್‌ಸ್ಟೈನ್ ಯುರೋಪಿನ ಹಳೆಯ ತಳಿ. ಡೆನ್ಮಾರ್ಕಿನ ದಕ್ಷಿಣ ತುದಿಯಲ್ಲಿರುವ ಗ್ರೋಸ್ಟೆನ್ ಎಂಬ ಊರಿನ ಹೆಸರೇ ಜರ್ಮನ್ ಬಾಯಲ್ಲಿ ಗ್ರಾವೆನ್‌ಸ್ಟೈನ್ ಆಗಿದೆ. ಡೆನ್ಮಾರ್ಕ್ 2005ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಸೇಬು ಎಂದು ಘೋಷಿಸಿತು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ 1812ರಿಂದ 1841ರವರೆಗೆ ಇದ್ದ ರಷ್ಯನ್ನರ ಫೋರ್ಟ್ ರಾಸ್ ವಸಾಹತಿನ ತೋಟದಿಂದ ಈ ತಳಿ ಸೊನೋಮಾ ಕೌಂಟಿಗೆ ಹಬ್ಬಿತೆಂದು ಅಲ್ಲಿನ ಬೆಳೆಗಾರರು ಹೇಳುತ್ತಾರೆ. ಸೆಬಾಸ್ಟಪೋಲಿನ ಮರಳು ಮಿಶ್ರಿತ ಮಣ್ಣು, ಹಗಲಿನ ಬಿಸಿಲು, ಇಳಿಹೊತ್ತಿಗೆ ಕಡಲಿನಿಂದ ನುಗ್ಗುವ ಮಂಜು ಇವೆಲ್ಲ ಇದಕ್ಕೆ ಒಗ್ಗಿದವು. ಆ ಊರಿನ ಮೂಲಕ ಹಾಯುವ 116ನೆಯ ಹೆದ್ದಾರಿಗೆ ಇಂದಿಗೂ ಗ್ರಾವೆನ್‌ಸ್ಟೈನ್ ಹೆದ್ದಾರಿ ಎಂದೇ ಹೆಸರು. ಆದರೆ ಹೆದ್ದಾರಿಯ ಇಕ್ಕೆಲಗಳಲ್ಲಿ ಹಿಂದೆ ಸೇಬಿನ ಮರಗಳಿದ್ದ ಎಷ್ಟೋ ಜಾಗಗಳಲ್ಲಿ ಈಗ ವೈನ್ ದ್ರಾಕ್ಷಿಯ ಸಾಲುಗಳಿವೆ, ಏಕೆಂದರೆ ಎಕರೆಗೆ ದ್ರಾಕ್ಷಿ ತರುವ ಹಣವನ್ನು ಸೇಬು ತರಲಾರದು. ಉಳಿದ ತೋಟಗಳನ್ನು ಉಳಿಸಿಕೊಳ್ಳಬೇಕೆಂದು, ಆಯಾ ಊರಿನ ಆಹಾರ ಪರಂಪರೆಯನ್ನು ಕಾಪಾಡಲು ದುಡಿಯುವ ಸ್ಲೋ ಫುಡ್ ಸಂಸ್ಥೆ ಸೆಬಾಸ್ಟಪೋಲಿನ ಗ್ರಾವೆನ್‌ಸ್ಟೈನನ್ನು ತನ್ನ ಸಂರಕ್ಷಣೆಯ ಪಟ್ಟಿಗೆ ಸೇರಿಸಿಕೊಂಡಿದೆ. ಈ ಹಣ್ಣನ್ನು ಕೊಂಡು ತಿನ್ನುವವರು ಇದ್ದರೆ ಮಾತ್ರ ಆ ಮರಗಳು ಉಳಿಯುತ್ತವೆ ಎಂಬುದು ನನಗೆ ಮುಖ್ಯವಾದ ಸಂಗತಿ.

ಇಷ್ಟು ರುಚಿಯಾದ ಹಣ್ಣು ಸೂಪರ್ ಮಾರ್ಕೆಟ್ಟುಗಳಲ್ಲಿ ಏಕೆ ಕಾಣುವುದಿಲ್ಲ ಎಂದು ಕೇಳುವವರಿಗೆ ಉತ್ತರ ಅದರ ಗುಣದಲ್ಲೇ ಇದೆ. ತೊಟ್ಟು ಬಹಳ ಗಿಡ್ಡ. ಕಾಯಿ ದಪ್ಪವಾಗುತ್ತಿದ್ದಂತೆ ಕೊಂಬೆಗೆ ಒತ್ತಿಕೊಂಡು ತಾನಾಗಿ ಕಳಚಿ ಬೀಳುತ್ತದೆ. ಒಂದೇ ಮರದ ಹಣ್ಣುಗಳು ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಎರಡು ಮೂರು ಸಲ ಕೊಯ್ಯಬೇಕು. ಸಿಪ್ಪೆ ತೆಳ್ಳಗಿದ್ದು ಪೆಟ್ಟು ತಾಳುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬೇಸಿಗೆಯ ಸೇಬುಗಳಿಗೆ ಸಾಮಾನ್ಯವಾದ ಗುಣದಂತೆ, ಕೊಯ್ದ ಮೇಲೆ ಎಥಿಲೀನ್ ಅನಿಲವನ್ನು ಧಾರಾಳವಾಗಿ ಬಿಡುತ್ತ ತನ್ನನ್ನೇ ತಾನು ಬೇಗ ಮಾಗಿಸಿಕೊಳ್ಳುತ್ತದೆ. ತಡವಾಗಿ ಮಾಗುವ ಫ್ಯೂಜಿಯಂಥ ಸೇಬು ತಿಂಗಳುಗಟ್ಟಲೆ ಗಟ್ಟಿಯಾಗಿ ಉಳಿದರೆ, ಇದು ಹೊರಗಿಟ್ಟ ಒಂದು ವಾರದಲ್ಲೇ ಹಿಟ್ಟುಹಿಟ್ಟಾಗಬಲ್ಲದು.

ಎರಡನೆಯ ಹೆಜ್ಜೆ: ಕೊಳ್ಳುವಾಗ ಹದ ನೋಡುವುದು

ಸ್ಯಾನ್ ಫ್ರಾನ್ಸಿಸ್ಕೋದಿಂದ ಸೆಬಾಸ್ಟಪೋಲಿಗೆ ಸುಮಾರು 90 ಕಿಲೋಮೀಟರ್. ಜುಲೈ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ರಸ್ತೆಬದಿಯ ತೋಟದ ಅಂಗಡಿಗಳಲ್ಲೂ ರೈತರ ಸಂತೆಗಳಲ್ಲೂ ಹಣ್ಣು ಸಿಗುತ್ತದೆ. ಆಗಸ್ಟಿನಲ್ಲಿ ಸೆಬಾಸ್ಟಪೋಲಿನಲ್ಲಿ ಈ ಹಣ್ಣಿನ ಹೆಸರಿನದೇ ಜಾತ್ರೆ ನಡೆಯುತ್ತದೆ. ಒಂದು ವರ್ಷ ಹೇರಳವಾಗಿ ಬಿಟ್ಟ ಮರ ಮರುವರ್ಷ ಕಡಿಮೆ ಬಿಡುವುದೂ ಈ ತಳಿಯ ಸ್ವಭಾವವಾದ್ದರಿಂದ, ಹೊರಡುವ ಮುನ್ನ ತೋಟಕ್ಕೆ ಫೋನು ಮಾಡಿ ಕೇಳುವುದು ಒಳ್ಳೆಯದು.

ಹಣ್ಣನ್ನು ಕೈಗೆತ್ತಿಕೊಂಡಾಗ ಮೊದಲು ಕೆಂಪು ಗೀರುಗಳನ್ನು ಬಿಟ್ಟು ಅವುಗಳ ಹಿಂದಿರುವ ನೆಲಬಣ್ಣವನ್ನು ನೋಡಬೇಕು. ಗೀರುಗಳು ಬಿಸಿಲು ಬಿದ್ದ ಕಡೆ ಕಾಯಿಯಲ್ಲೇ ಮೂಡಿರಬಹುದು, ಕೆಲವು ಉಪತಳಿಗಳಂತೂ ಪೂರ್ತಿ ಕೆಂಪಗೇ ಇರುತ್ತವೆ. ಮಾಗಿರುವುದನ್ನು ಹೇಳುವುದು ಹಿನ್ನೆಲೆಯ ಹಸಿರು. ಅದು ಎಲೆಯ ಹಸಿರಾಗಿದ್ದರೆ ಕಾಯಿ, ಹಸಿರು ತಿಳಿಯಾಗಿ ಹಳದಿಯ ಕಡೆಗೆ ವಾಲಿದ್ದರೆ ದೋರೆಗಾಯಿ, ಬೆಣ್ಣೆಯ ಹಳದಿಯಾಗಿದ್ದರೆ ಹಣ್ಣು. ಆಮೇಲೆ ಹೆಬ್ಬೆರಳಿನಿಂದ ಸಿಪ್ಪೆಯನ್ನು ಸವರಿ ನೋಡಬೇಕು. ಕಾಯಿಯ ಮೈ ಒಣಗಿದಂತಿರುತ್ತದೆ. ಹಣ್ಣಾದದ್ದರ ಮೈಮೇಲೆ ಎಣ್ಣೆ ಸವರಿದಂಥ ಜಿಡ್ಡು ಬೆರಳಿಗೆ ಹತ್ತುತ್ತದೆ. ಅಂಗಡಿಯವರು ಹಚ್ಚಿದ ಮೇಣವೆಂದು ಹೆದರುವ ಅಗತ್ಯವಿಲ್ಲ, ಹಣ್ಣೇ ಮಾಗುತ್ತ ತನ್ನ ಮೈಮೇಲೆ ತಂದುಕೊಂಡ ಮೇಣ ಅದು. ಕೊನೆಯದು ಮೂಗು. ಮಾಗಿದ ಗ್ರಾವೆನ್‌ಸ್ಟೈನಿನ ಹತ್ತು ಹಣ್ಣು ಕಾರಿನಲ್ಲಿದ್ದರೆ ಮನೆ ಸೇರುವಷ್ಟರಲ್ಲಿ ಕಾರೆಲ್ಲ ಘಮಗುಟ್ಟುತ್ತದೆ, ಆದರೆ ಕಾಯಿಗೆ ಆ ಕಂಪಿಲ್ಲ. ಬೀಜದ ಬಣ್ಣವನ್ನು ಮಾತ್ರ ನೆಚ್ಚಬೇಡಿ: ಬೇಗ ಮಾಗುವ ಸೇಬುಗಳಲ್ಲಿ ತಿರುಳು ಹಣ್ಣಾದರೂ ಬೀಜ ಪೂರ್ತಿ ಕಂದಾಗಿರುವುದಿಲ್ಲ.

ಆಕಾರ ಸೊಟ್ಟಗಿದ್ದರೆ, ಚಪ್ಪಟೆಯಾಗಿದ್ದರೆ, ಒಂದು ಪಕ್ಕೆ ಉಬ್ಬಿದ್ದರೆ ಬಿಡಬೇಡಿ; ಈ ತಳಿಯ ಹಣ್ಣು ಇರುವುದೇ ಹಾಗೆ.

ಮೂರನೆಯ ಹೆಜ್ಜೆ: ಮನೆಗೆ ತಂದ ದಿನವೇ ವಿಂಗಡಿಸುವುದು

ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ನಾನು ಮೊದಲ ವರ್ಷ ಒಂಬತ್ತು ಕಿಲೋ ತೂಗುವ ಪೆಟ್ಟಿಗೆಯನ್ನು ತಂದು, ಸೇಬು ಕೆಡುವ ಹಣ್ಣಲ್ಲವೆಂಬ ನಂಬಿಕೆಯಿಂದ ಗ್ಯಾರೇಜಿನಲ್ಲಿಟ್ಟೆ. ಎಂಟನೆಯ ದಿನ ತೆರೆದಾಗ ನಡುವಿನ ನಾಲ್ಕೈದು ಹಣ್ಣುಗಳು ಕೊಳೆತು, ಮಿಕ್ಕವೆಲ್ಲ ಮೆತ್ತಗಾಗಿ, ಕಚ್ಚಿದರೆ ಹಲ್ಲಿಗೆ ರವೆ ಸಿಕ್ಕಂತಾಗುತ್ತಿತ್ತು. ಈಗ ತಂದ ಸಂಜೆಯೇ ಊಟದ ಮೇಜಿನ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿ, ಹಣ್ಣುಗಳನ್ನೆಲ್ಲ ಸುರಿದು, ಕಾಯಿ, ದೋರೆ, ಹಣ್ಣು, ಕಳಿತದ್ದು ಎಂದು ನಾಲ್ಕು ಗುಂಪು ಮಾಡುತ್ತೇನೆ. ಪೆಟ್ಟಾದವುಗಳು ಯಾವ ಹದದಲ್ಲಿದ್ದರೂ ಕಳಿತವುಗಳ ಗುಂಪಿಗೇ ಸೇರಬೇಕು, ಏಕೆಂದರೆ ಪೆಟ್ಟಾದ ಹಣ್ಣು ಹೆಚ್ಚು ಎಥಿಲೀನ್ ಬಿಟ್ಟು ಪಕ್ಕದವುಗಳನ್ನೂ ಮಾಗಿಸುತ್ತದೆ. ಕೊಳೆತ ಅಥವಾ ಬೂಸು ಹಿಡಿದ ಹಣ್ಣನ್ನು ಎಸೆಯಿರಿ. ಬೂಸಿನ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಬಳಸುವುದು ಬೇಡ, ಬೂಸಿನಲ್ಲಿ ಹುಟ್ಟುವ ಪ್ಯಾಟುಲಿನ್ ಎಂಬ ವಿಷವಸ್ತು ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಉಳಿದವುಗಳನ್ನು ತೊಳೆಯದೆ, ಸಣ್ಣ ತೂತುಗಳಿರುವ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡಬೇಕು. ಎರಡರಿಂದ ಮೂರು ವಾರ ತಡೆಯುತ್ತವೆ. ಕೊತ್ತಂಬರಿ, ಮೆಂತ್ಯ ಸೊಪ್ಪುಗಳನ್ನು ಅದೇ ಡಬ್ಬಿಯಲ್ಲಿಟ್ಟರೆ ಸೊಪ್ಪು ಹಳದಿಗಟ್ಟುತ್ತದೆಯಾದ್ದರಿಂದ ಅವುಗಳಿಗೆ ಬೇರೆ ಜಾಗ ಮಾಡಿ.

ಕಾಯಿಯ ಹದ: ಚಿತ್ರಾನ್ನ ಮತ್ತು ಉಪ್ಪಿನಕಾಯಿ

ಕಾಯಿಯಲ್ಲಿ ಮಾಲಿಕ್ ಆಮ್ಲ ಹೆಚ್ಚು, ಪಿಷ್ಟ ಇನ್ನೂ ಸಕ್ಕರೆಯಾಗಿರುವುದಿಲ್ಲ. ಇದನ್ನು ಹಾಗೆಯೇ ತಿಂದರೆ ಬಾಯಿ ಒಗರಾಗುತ್ತದೆ, ಆದರೆ ಮಾವಿನಕಾಯಿಯ ಜಾಗದಲ್ಲಿ ನಿಲ್ಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಹುಳಿಮಾವಿನಕಾಯಿ ಸಿಗದ ದಿನಗಳಲ್ಲಿ ಹಸಿರು ಸೇಬಿನ ಚಿತ್ರಾನ್ನ ಮಾಡುವುದು ನಮ್ಮವರಲ್ಲಿ ಅನೇಕರಿಗೆ ಗೊತ್ತು; ಸಾಮಾನ್ಯವಾಗಿ ಬಳಸುವ ಗ್ರ್ಯಾನಿ ಸ್ಮಿತ್‌ಗಿಂತ ಗ್ರಾವೆನ್‌ಸ್ಟೈನ್ ಕಾಯಿ ನನಗೆ ಮೇಲೆನಿಸುವುದು ಅದರ ಹುಳಿಯ ಹಿಂದೆ ಒಂದು ಕಂಪೂ ಇರುವುದರಿಂದ.

ಒಂದು ಲೋಟ ಅಕ್ಕಿಯ ಉದುರುದುರಾದ ಅನ್ನಕ್ಕೆ ಎರಡು ಮಧ್ಯಮ ಗಾತ್ರದ ಕಾಯಿಗಳು ಸಾಕು. ಅನ್ನವನ್ನು ಹರಡಿ ಆರಿಸಿಕೊಳ್ಳಿ. ಅರ್ಧ ಬಟ್ಟಲು ತೆಂಗಿನ ತುರಿ, ಮೂರು ಒಣಮೆಣಸಿನಕಾಯಿ, ಅರ್ಧ ಚಮಚ ಸಾಸಿವೆ ಇವನ್ನು ನೀರು ಹಾಕದೆ ತರಿತರಿಯಾಗಿ ರುಬ್ಬಿಟ್ಟುಕೊಳ್ಳಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಕರಿಬೇವು, ಇಂಗು, ಅರಿಸಿನಗಳ ಒಗ್ಗರಣೆ ಮಾಡಿ, ರುಬ್ಬಿದ್ದನ್ನು ಹಾಕಿ ಹಸಿವಾಸನೆ ಹೋಗುವಷ್ಟು ಬಾಡಿಸಿ. ಸೇಬನ್ನು ತುರಿಯಬೇಕಾದ್ದು ಈಗ, ಇದಕ್ಕೆ ಮೊದಲಲ್ಲ. ತುರಿದಿಟ್ಟರೆ ಐದು ನಿಮಿಷದಲ್ಲಿ ಕಂದಾಗಿ ನೀರು ಬಿಡುತ್ತದೆ. ಸಿಪ್ಪೆ ಸಹಿತ ತುರಿದು ಬಾಣಲೆಗೆ ಹಾಕಿ, ಉಪ್ಪು ಬೆರೆಸಿ, ಎರಡೇ ನಿಮಿಷ ಕೈಯಾಡಿಸಿ ಒಲೆ ಆರಿಸಿ. ಮಾವಿನಷ್ಟು ಹುಳಿ ಸೇಬಿಗಿಲ್ಲವಾದ್ದರಿಂದ ಅನ್ನ ಕಲಸಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿದರೆ ರುಚಿ ಕೂಡಿಬರುತ್ತದೆ.

ಉಪ್ಪಿನಕಾಯಿಗೆ ಕಾಯಿಯನ್ನು ಸಣ್ಣ ಹೋಳುಗಳಾಗಿ ಹೆಚ್ಚಿ, ಉಪ್ಪು, ಅಚ್ಚಖಾರದ ಪುಡಿ, ಹುರಿದ ಸಾಸಿವೆ ಮತ್ತು ಮೆಂತ್ಯದ ಪುಡಿ ಕಲಸಿ, ಇಂಗಿನ ಒಗ್ಗರಣೆ ಕೊಟ್ಟರಾಯಿತು. ಇದು ದಿಢೀರ್ ಉಪ್ಪಿನಕಾಯಿ. ಭರಣಿಯಲ್ಲಿ ವರ್ಷವಿಡೀ ಇಡುವ ಮಾವಿನ ಉಪ್ಪಿನಕಾಯಿಯಂತೆ ಭಾವಿಸಬಾರದು. ಫ್ರಿಜ್ಜಿನಲ್ಲಿಟ್ಟು ಒಂದು ವಾರದಲ್ಲಿ ಮುಗಿಸಿ.

ಎಳೆಯ ಕಾಯಿಯಲ್ಲಿ ಪೆಕ್ಟಿನ್ ಕೂಡ ಹೆಚ್ಚಿರುತ್ತದೆ. ಸ್ಟ್ರಾಬೆರಿಯಂಥ ಪೆಕ್ಟಿನ್ ಕಡಿಮೆಯಿರುವ ಹಣ್ಣಿನ ಜಾಮ್ ಮಾಡುವವರು ಒಂದೆರಡು ಕಾಯಿಗಳನ್ನು ತುರಿದು ಅದರೊಂದಿಗೆ ಬೇಯಿಸಿದರೆ ಜಾಮ್ ತಾನಾಗಿ ಗಟ್ಟಿಯಾಗುತ್ತದೆ.

ದೋರೆಗಾಯಿಯ ಹದ: ಮೆಣಸ್ಕಾಯಿ ಮತ್ತು ಪೈ

ಈ ಹಣ್ಣಿನ ಅತ್ಯುತ್ತಮ ಅವಸ್ಥೆ ಯಾವುದೆಂದು ಕೇಳಿದರೆ ನಾನು ದೋರೆಗಾಯಿ ಎನ್ನುತ್ತೇನೆ. ಹುಳಿ ಇನ್ನೂ ಇಳಿದಿರುವುದಿಲ್ಲ, ಸಿಹಿ ಬಂದಿರುತ್ತದೆ, ಬೆಂದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ಕರಾವಳಿಯ ಕಡೆ ಅನಾನಸಿನಿಂದ ಮಾಡುವ ಮೆಣಸ್ಕಾಯಿಗೆ ಬೇಕಾದ ಮೂರು ಗುಣಗಳೂ ಇವೇ.

ನಾಲ್ಕು ದೋರೆಗಾಯಿಗಳನ್ನು ಸಿಪ್ಪೆ ತೆಗೆಯದೆ ಹೆಬ್ಬೆರಳಿನ ಗಾತ್ರದ ಹೋಳುಗಳಾಗಿ ಹೆಚ್ಚಿ ಉಪ್ಪುನೀರಿನಲ್ಲಿ ಹಾಕಿಡಿ. ಎರಡು ದೊಡ್ಡ ಚಮಚ ಬಿಳಿ ಎಳ್ಳನ್ನು ಎಣ್ಣೆಯಿಲ್ಲದೆ ಚಟಪಟ ಎನ್ನುವವರೆಗೆ ಹುರಿದು ಬೇರೆ ತೆಗೆದಿಡಿ. ಒಂದು ಚಮಚ ಎಣ್ಣೆಯಲ್ಲಿ ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ, ಆರೇಳು ಬ್ಯಾಡಗಿ ಮೆಣಸಿನಕಾಯಿಗಳನ್ನು ಹುರಿದು, ಎಳ್ಳು ಮತ್ತು ಮುಕ್ಕಾಲು ಬಟ್ಟಲು ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ. ಗೋಲಿ ಗಾತ್ರದ ಹುಣಸೆಹಣ್ಣಿನ ರಸ, ಒಂದು ಸಣ್ಣ ಅಚ್ಚು ಬೆಲ್ಲ, ಉಪ್ಪು, ಅರಿಸಿನ ಹಾಕಿದ ನೀರು ಕುದಿಯಲು ತೊಡಗಿದ ಮೇಲೆ ಹೋಳುಗಳನ್ನು ಹಾಕಬೇಕು. ಅನಾನಸಿಗೆ ಬೇಕಾಗುವ ಹೊತ್ತು ಇದಕ್ಕೆ ಬೇಡ. ನಾಲ್ಕು ನಿಮಿಷವಾದ ಮೇಲೆ ಒಂದು ಹೋಳನ್ನು ಸೌಟಿನ ಅಂಚಿನಿಂದ ಒತ್ತಿ ನೋಡಿ. ಅಂಚು ಇಳಿದರೂ ಹೋಳು ಒಡೆಯದಿದ್ದರೆ ಅದೇ ಹದ. ಆಗ ರುಬ್ಬಿದ್ದನ್ನು ಸೇರಿಸಿ, ಒಂದೇ ಕುದಿ ಬರಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಮರುದಿನಕ್ಕೆ ರುಚಿ ಹೆಚ್ಚುತ್ತದೆ.

ಅಮೆರಿಕನ್ನರು ಇದೇ ಹದದ ಹಣ್ಣನ್ನು ಪೈಗೆ ಬಳಸುತ್ತಾರೆ. ಇಲ್ಲಿ ಎಚ್ಚರಿಕೆಯಿಂದ ಇರಬೇಕಾದ್ದು ರಸದ ವಿಷಯದಲ್ಲಿ, ಏಕೆಂದರೆ ಗ್ರಾವೆನ್‌ಸ್ಟೈನ್ ತುಂಬ ರಸ ಬಿಡುವ ಹಣ್ಣು, ತಳದ ಹಿಟ್ಟು ಬೇಯುವ ಮೊದಲೇ ನೆನೆದುಹೋಗುತ್ತದೆ. ಒಂಬತ್ತು ಇಂಚಿನ ಪೈಗೆ ಸುಮಾರು 1.2 ಕಿಲೋ ಹಣ್ಣನ್ನು ಸಿಪ್ಪೆ ತೆಗೆದು ಹೋಳು ಮಾಡಿ, 100 ಗ್ರಾಂ ಸಕ್ಕರೆ ಬೆರೆಸಿ ಅರ್ಧ ಗಂಟೆ ಜಾಲರಿಯಲ್ಲಿಟ್ಟು, ಕೆಳಗೆ ಬಸಿದ ರಸವನ್ನು ಸಣ್ಣ ಪಾತ್ರೆಯಲ್ಲಿ ಪಾಕದಂತೆ ಮಂದವಾಗುವವರೆಗೆ ಕುದಿಸಿ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಚ್ಚಿದ ಹೋಳುಗಳಿಗೆ ಮತ್ತೆ ಬೆರೆಸಿದರೆ ಆ ತೊಂದರೆ ತಪ್ಪುತ್ತದೆ. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ, ಆಮೇಲೆ 190ಕ್ಕೆ ಇಳಿಸಿ ಮತ್ತೆ ಸುಮಾರು 40 ನಿಮಿಷ. ದಾಲ್ಚಿನ್ನಿಯನ್ನು ಒಂದು ಚಿಟಿಕೆಗಿಂತ ಹೆಚ್ಚು ಹಾಕದಿರುವುದು ಲೇಸು. ಈ ಹಣ್ಣಿಗೆ ತನ್ನದೇ ಪರಿಮಳವಿದೆ, ಮಸಾಲೆ ಅದನ್ನು ಮುಚ್ಚಿಬಿಡುತ್ತದೆ.

ಹಣ್ಣಿನ ಹದ

ಹಾಗೆಯೇ ತಿನ್ನಿ. ತಣ್ಣಗಿರುವಾಗ ಕತ್ತರಿಸಿ ತಿಂದರೆ ಒಳ್ಳೆಯದು. ನೆಂಟರು ಬಂದಾಗ ಸಣ್ಣಗೆ ಹೆಚ್ಚಿ, ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಬೆರೆಸಿ ರಸಾಯನ ಮಾಡಬಹುದು. ಬಡಿಸುವ ಹೊತ್ತಿಗೇ ಹೆಚ್ಚಬೇಕೆಂಬುದಷ್ಟೇ ನಿಯಮ.

ಕಳಿತ ಹದ: ಸಾಸ್, ಬೆರಟಿ, ಮಾಂಬಳ

ಉಳಿದ ತಳಿಗಳಲ್ಲಿ ಕಳಿತ ಹಣ್ಣು ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಗ್ರಾವೆನ್‌ಸ್ಟೈನ್ ಕಳಿತರೆ ಅದರಿಂದಾಗುವ ಸಾಸ್‌ಗೆ ಸಮನಾದುದು ಇನ್ನೊಂದಿಲ್ಲವೆಂಬುದು ನನ್ನ ಅನುಭವ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಹೋದ ಸೇಬಿನ ಸಾಸ್ ಮತ್ತು ಒಣಗಿಸಿದ ಸೇಬಿನಲ್ಲಿ ಸೆಬಾಸ್ಟಪೋಲಿನ ಈ ಹಣ್ಣಿನದೂ ಪಾಲಿತ್ತು.

ಎರಡು ಕಿಲೋ ಹಣ್ಣನ್ನು ತೊಳೆದು, ಪೆಟ್ಟಾದ ಭಾಗ ಮತ್ತು ನಡುವಿನ ಬೀಜದ ಗೂಡನ್ನು ತೆಗೆದು, ಸಿಪ್ಪೆ ಸಹಿತ ನಾಲ್ಕು ನಾಲ್ಕು ಹೋಳು ಮಾಡಿ. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಬಟ್ಟಲು ನೀರು ಹಾಕಿ, ಹೋಳುಗಳನ್ನು ತುಂಬಿ, ಮುಚ್ಚಿ, ಸಣ್ಣ ಉರಿಯಲ್ಲಿಡಿ. ಹತ್ತು ನಿಮಿಷದವರೆಗೆ ಏನೂ ಆಗದಂತೆ ಕಾಣುತ್ತದೆ. ಆಮೇಲೆ ತಳದಿಂದ ಬುಸ್ಸೆಂಬ ಸದ್ದು ಕೇಳಿ, ತುದಿಯ ಹೋಳುಗಳು ಒಂದೊಂದಾಗಿ ನೊರೆಯೊಳಗೆ ಕುಸಿಯತೊಡಗುತ್ತವೆ, ತಿರುಳು ಹತ್ತಿಯಂತೆ ಉಬ್ಬಿ ಸಿಪ್ಪೆಯಿಂದ ಬಿಡಿಸಿಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ ಕಡೆಗೋಲು ಬೇಡ, ಸೌಟಿನಲ್ಲೇ ಎಲ್ಲವೂ ಒಂದಾಗುತ್ತದೆ. ಜಾಲರಿಯಲ್ಲಿ ಸೋಸಿದರೆ ಸಿಪ್ಪೆ ಮೇಲುಳಿದು, ಅದರ ಕೆಂಪು ಇಳಿದು ತುಸು ಗುಲಾಬಿ ಬಣ್ಣದ ಸಾಸ್ ಕೆಳಗೆ ಬರುತ್ತದೆ; ಎರಡು ಕಿಲೋಗೆ ಸುಮಾರು 1.4 ಲೀಟರ್ ಸಿಗುತ್ತದೆ. ಸಕ್ಕರೆ ಹಾಕುವ ಮುನ್ನ ರುಚಿ ನೋಡಿ. ನಮ್ಮ ಮನೆಯಲ್ಲಿ ಹಾಕುವುದೇ ಇಲ್ಲ.

ವರ್ಷದ ಬಳಕೆಗೆ ಬಾಟಲಿಯಲ್ಲಿ ಮುಚ್ಚಿಡುವವರು ಕ್ಯಾನಿಂಗ್ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಬೇಕು. ಕುದಿಯುವ ಸಾಸನ್ನು ಬಿಸಿ ಬಾಟಲಿಗಳಿಗೆ ಮೇಲೆ ಅರ್ಧ ಇಂಚು ಜಾಗ ಬಿಟ್ಟು ತುಂಬಿ, ಗಾಳಿಗುಳ್ಳೆ ತೆಗೆದು, ಬಾಯಿ ಒರೆಸಿ, ಮುಚ್ಚಿ, ನೀರಿನಲ್ಲಿ ಮುಳುಗಿಸಿ ಕುದಿಸಬೇಕು: ಸಮುದ್ರಮಟ್ಟದಿಂದ 1,000 ಅಡಿಯೊಳಗಿನ ಊರುಗಳಲ್ಲಿ ಪಿಂಟ್ (ಸುಮಾರು ಅರ್ಧ ಲೀಟರ್) ಬಾಟಲಿಗೆ 15 ನಿಮಿಷ, ಕ್ವಾರ್ಟ್ (ಸುಮಾರು ಒಂದು ಲೀಟರ್) ಬಾಟಲಿಗೆ 20 ನಿಮಿಷ. ಅದಕ್ಕಿಂತ ಎತ್ತರದ ಊರಿನವರು ಇನ್ನೂ ಹೆಚ್ಚು ಹೊತ್ತು ಕುದಿಸಬೇಕು. ಇದೇ ಕ್ರಮವನ್ನು ಮೆಣಸ್ಕಾಯಿಗೋ ಬೆಳ್ಳುಳ್ಳಿ ಹಾಕಿದ ಚಟ್ನಿಗೋ ಅನ್ವಯಿಸಲೇಬಾರದು. ಸೇಬಿಗೆ ಸ್ವಾಭಾವಿಕವಾದ ಹುಳಿಯಿರುವುದರಿಂದ ಕುದಿಯುವ ನೀರು ಸಾಕಾಗುತ್ತದೆ. ತೆಂಗಿನಕಾಯಿ, ಬೆಳ್ಳುಳ್ಳಿ, ಬೇಳೆ ಸೇರಿದ ಅಡುಗೆಗೆ ಆ ರಕ್ಷಣೆಯಿಲ್ಲ, ಅವು ಫ್ರಿಜ್ಜಿನಲ್ಲೇ ಇರಲಿ.

ಹಲಸಿನ ಬೆರಟಿ ತಿಂದು ಬೆಳೆದವರಿಗೆ ಮುಂದಿನ ದಾರಿಯನ್ನು ಹೇಳಿಕೊಡಬೇಕಿಲ್ಲ. ಒಂದು ಲೀಟರ್ ಸಾಸ್‌ಗೆ ಒಂದು ಬಟ್ಟಲು ಪುಡಿಬೆಲ್ಲ ಸೇರಿಸಿ, ದಪ್ಪ ಬಾಣಲೆಯಲ್ಲಿ ತಳ ಹಿಡಿಯದಂತೆ ಮಗುಚುತ್ತ, ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಕೂಡಿಕೊಳ್ಳಲು ಎರಡು ಕ್ಷಣ ಹಿಡಿಯುವವರೆಗೆ ಇಂಗಿಸಿದರೆ ಸೇಬಿನ ಬೆರಟಿ ಸಿದ್ಧ. ಅಮೆರಿಕನ್ನರ ಆ್ಯಪಲ್ ಬಟರ್ ಇದಕ್ಕೆ ತೀರ ಹತ್ತಿರದ್ದು. ಕೊನೆಯಲ್ಲಿ ಇದು ಕೊತಕೊತನೆ ಸಿಡಿಯುವುದರಿಂದ ಉದ್ದ ಹಿಡಿಯ ಸೌಟು ಬೇಕು, ಮಕ್ಕಳನ್ನು ದೂರವಿಡಬೇಕು. ಚಪಾತಿಗೂ ದೋಸೆಗೂ ಹೊಂದುತ್ತದೆ. ಫ್ರಿಜ್ಜಿನಲ್ಲಿಟ್ಟುಕೊಳ್ಳಿ.

ಮಾವಿನ ರಸವನ್ನು ಹಾಳೆಯಂತೆ ಒಣಗಿಸಿ ಮಾಡುವ ಮಾಂಬಳವನ್ನು ಸೇಬಿನಿಂದಲೂ ಮಾಡಬಹುದು, ಅದಕ್ಕೆ ಬೆಲ್ಲವೂ ಬೇಡ. ಬೇಕಿಂಗ್ ಕಾಗದ ಹಾಸಿದ ತಟ್ಟೆಯ ಮೇಲೆ ಸಾಸನ್ನು ಸುಮಾರು ಮೂರು ಮಿಲಿಮೀಟರ್ ದಪ್ಪ ಹರಡಿ, ಅಂಚನ್ನು ನಡುಭಾಗಕ್ಕಿಂತ ತುಸು ದಪ್ಪವಾಗಿಟ್ಟು, 60 ಡಿಗ್ರಿ ಸೆಲ್ಸಿಯಸ್‌ನ ಒಣಗಿಸುವ ಯಂತ್ರದಲ್ಲಿ ಆರರಿಂದ ಎಂಟು ಗಂಟೆ ಇಡಿ. ಊರಿನಲ್ಲಿ ಚಾಪೆಯ ಮೇಲೆ ಬಿಸಿಲಿಗೆ ಹರಡಿದಂತೆ ಇಲ್ಲಿ ಮಾಡಲಾಗದು. ಕರಾವಳಿಯ ಮಂಜು ಬೆಳಗಿನವರೆಗೆ ನಿಂತು ಎಲ್ಲವನ್ನೂ ಮತ್ತೆ ತೇವ ಮಾಡುತ್ತದೆ. ನಡುವೆ ಬೆರಳು ಒತ್ತಿದರೆ ಗುರುತು ಬೀಳದೆ, ಕಾಗದದಿಂದ ಎಳೆದರೆ ಬಟ್ಟೆಯಂತೆ ಎದ್ದು ಬಂದರೆ ಒಣಗಿದೆಯೆಂದು ಅರ್ಥ.

ನೆಲಕ್ಕೆ ಉದುರಿದ ಹಣ್ಣಿನ ವಿಷಯ

ಗಿಡ್ಡ ತೊಟ್ಟಿನ ಕಾರಣದಿಂದ ಗ್ರಾವೆನ್‌ಸ್ಟೈನ್ ಮರದ ಕೆಳಗೆ ಬಹಳಷ್ಟು ಹಣ್ಣು ಬಿದ್ದಿರುತ್ತದೆ, ಕೆಲವು ತೋಟದವರು ಅದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಅಂದೇ ಬಿದ್ದ, ಮೈ ಒಡೆಯದ ಹಣ್ಣನ್ನು ಚೆನ್ನಾಗಿ ತೊಳೆದು ಸಾಸ್‌ಗೆ ಬೇಯಿಸಬಹುದು. ಹಸಿ ರಸ ಹಿಂಡಲು ಮಾತ್ರ ಅದನ್ನು ಎಂದೂ ಬಳಸಬೇಡಿ. ಜಿಂಕೆಗಳೂ ದನಗಳೂ ಓಡಾಡುವ ನೆಲದಿಂದ ಹಣ್ಣಿಗೆ ಹತ್ತಿದ ಇ-ಕೊಲೈಯಂಥ ರೋಗಾಣುಗಳು ಕುದಿಸದ ರಸದಲ್ಲಿ ಉಳಿಯುತ್ತವೆ. ಕೊಯ್ದ ಹಣ್ಣಿನ ರಸವನ್ನೂ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವುದಾದರೆ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಕೊಡಬೇಕು.

ಪೈಗಾಗಿ ಹೆಚ್ಚಿಟ್ಟ ದೋರೆಗಾಯಿ ಹೋಳುಗಳು ಮಿಕ್ಕರೆ ನಿಂಬೆರಸ ಸವರಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಮೇಲೆ ತಾರೀಖನ್ನೂ ಹದವನ್ನೂ ಬರೆದಿಡಿ. ಹದ ಬರೆಯುವುದನ್ನು ಮರೆಯಬಾರದು. ನಾಲ್ಕು ತಿಂಗಳ ನಂತರ ಚೀಲ ತೆಗೆದಾಗ ದೋರೆಯ ಹೋಳೂ ಕಳಿತ ಹೋಳೂ ಒಂದೇ ಥರ ಕಾಣುತ್ತವೆ, ಬೆಂದಾಗ ಮಾತ್ರ ಒಂದು ಪೈಯಲ್ಲಿ ಹೋಳಾಗಿ ನಿಲ್ಲುತ್ತದೆ, ಇನ್ನೊಂದು ಸಾಸ್ ಆಗಿ ಹರಿದುಹೋಗುತ್ತದೆ.